ಮೂಗು ಬರೆಯುವ ಹೊತ್ತಿಗೆ ಎದ್ದುಬಿಡುತ್ತಾನೆ

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ನನ್ನ ಸ್ಕೆಚ್ ಬುಕ್ ಒಬ್ಬರ ಕೈಗೆ ಸಿಕ್ಕಿತು. ಪುಟ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಎರಡು ಮಕ್ಕಳನ್ನ ಇಟ್ಕೊಂಡು ಇದಕ್ಕೆಲ್ಲ ನಿಮಗೆ ಟೈಮ್ ಎಲ್ಲಿ ಸಿಗುತ್ತೆ ಮೇಡಂ? ನಿಮ್ಮ ಶಿಸ್ತಿಗೆ ದೊಡ್ಡ ನಮಸ್ಕಾರ" ಅಂದರು. ನಾನು ಸುಮ್ನೆ ನಕ್ಕೆ. ಆದರೆ ಸಂಜೆ ಮೆಟ್ರೋದಲ್ಲಿ ಕಂಬ ಹಿಡಿದು ನಿಂತಾಗಲೂ ಆ ಮಾತು ತಲೆ ಕೊರೆಯುತ್ತಿತ್ತು. ಶಿಸ್ತಾ? ನನಗಾ? ಬೆಳಿಗ್ಗೆ ಒಗೆದ ಬಟ್ಟೆ ರಾತ್ರಿಯವರೆಗೂ ವಾಷಿಂಗ್ ಮೆಷಿನ್ ಒಳಗೇ ಇರುವ ಮನೆ ನಮ್ಮದು.

ಆ ಪುಸ್ತಕದಲ್ಲಿ ಪೂರ್ತಿಯಾದ ಚಿತ್ರ ಹುಡುಕಿದರೂ ಸಿಗುವುದಿಲ್ಲ ಅನ್ನುವುದನ್ನು ಅವರು ನೋಡಲಿಲ್ಲ ಅನ್ನಿಸುತ್ತೆ. ಒಂದು ಪುಟದಲ್ಲಿ ಕುಕ್ಕರ್ ಇದೆ, ಹಿಡಿ ಇಲ್ಲ. ಇನ್ನೊಂದರಲ್ಲಿ ಬಾಗಿಲ ಹತ್ತಿರ ಬಿದ್ದಿರುವ ನಾಲ್ಕು ಚಪ್ಪಲಿ, ಅದರಲ್ಲಿ ಎರಡಕ್ಕೆ ಮಾತ್ರ ಪಟ್ಟಿ. ಮಲಗಿದ ಮಗನ ಮುಖ ಒಂಬತ್ತು ಸಲ ಇದೆ, ಮೂಗು ಇರುವುದು ಎರಡರಲ್ಲಿ. ನಾನು ಯಾವಾಗಲೂ ಕೂದಲಿನಿಂದ ಶುರು ಮಾಡುತ್ತೇನೆ. ಆಮೇಲೆ ಹಣೆ, ಮುಚ್ಚಿದ ರೆಪ್ಪೆ, ದಿಂಬಿಗೆ ಒತ್ತಿಕೊಂಡು ಉಬ್ಬಿದ ಕೆನ್ನೆ. ಮೂಗು ಬರೆಯುವ ಹೊತ್ತಿಗೆ ಎದ್ದುಬಿಡುತ್ತಾನೆ.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್, ಹೈಯರ್ ಎರಡೂ ಪರೀಕ್ಷೆ ಪಾಸು ಮಾಡಿದವಳು ನಾನು. ಪಿಯುಸಿಗೆ ಸೈನ್ಸ್ ತಗೊಂಡೆ, ಚಿತ್ರ ನಿಂತಿತು. ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಶುರುವಾಗಿ, ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಎರಡೆರಡು ಗಂಟೆ ಕೂತು ಮರ ಬರೆಯುತ್ತಿದ್ದೆ. ಎರಡು ಗಂಟೆ! ಈಗ ಅದು ಬೇರೆ ಯಾರದೋ ಕಥೆ ಥರ ಕೇಳಿಸುತ್ತದೆ. ಮಗಳು ಹುಟ್ಟಿದ ಮೇಲೆ ಮೂರು ವರ್ಷ ನಾನು ಪೆನ್ಸಿಲ್ ಹಿಡಿದದ್ದು ದಿನಸಿ ಚೀಟಿ ಬರೆಯೋಕೆ ಮಾತ್ರ.

ಆಗ ಎಲ್ಲರೂ ಹೇಳುತ್ತಿದ್ದ ಉಪಾಯ ಒಂದೇ. ಮಕ್ಕಳು ಮಲಗಿದ ಮೇಲೆ ಬರಿ, ಇಲ್ಲಾಂದ್ರೆ ಬೆಳಿಗ್ಗೆ ಐದಕ್ಕೆ ಏಳು. ಈ ಸಲಹೆ ಕೊಡುವವರ ಮನೆಯಲ್ಲಿ ಮಕ್ಕಳು ಹೇಳಿದ ಹೊತ್ತಿಗೆ ಮಲಗುತ್ತವೆ ಅಂತ ಕಾಣುತ್ತೆ. ನಾನು ಐದಕ್ಕೆ ಎದ್ದರೆ ನಮ್ಮ ಸಣ್ಣವನು ಐದೂ ಐದಕ್ಕೆ ಎದ್ದು ಕೂರುತ್ತಾನೆ, ಪಕ್ಕದ ಜಾಗ ತಣ್ಣಗಾಗಿದ್ದು ಅವನಿಗೆ ನಿದ್ದೆಯಲ್ಲಿ ಹೇಗೆ ಗೊತ್ತಾಗುತ್ತೋ ಆ ದೇವರೇ ಬಲ್ಲ. ರಾತ್ರಿ ಹತ್ತೂವರೆಗೆ ಕೂತು ನೋಡಿದ್ದೂ ಆಯಿತು. ಬೆಳಿಗ್ಗೆ ಎದ್ದಾಗ ಕೆನ್ನೆ ಮೇಲೆ ಪೆನ್ಸಿಲ್ ಮಸಿ.

ಇಂಕ್ಟೋಬರ್ ಕೂಡ ಮಾಡಿ ನೋಡಿದೆ. ಜೇಕ್ ಪಾರ್ಕರ್ ಅನ್ನುವ ಅಮೆರಿಕದ ಚಿತ್ರಕಾರ 2009ರಲ್ಲಿ ಶುರು ಮಾಡಿದ್ದು. ಅಕ್ಟೋಬರ್ ತಿಂಗಳ 31 ದಿನ ದಿನಕ್ಕೊಂದು ಇಂಕಿನ ಚಿತ್ರ. ನಾಲ್ಕು ದಿನ ಚೆನ್ನಾಗೇ ನಡೆಯಿತು. ಐದನೇ ದಿನ ಮಗಳಿಗೆ ಜ್ವರ, ಏಳನೇ ದಿನ ಮಗನಿಗೆ, ಒಂಬತ್ತನೇ ದಿನ ನನಗೆ. ಹತ್ತನೇ ದಿನ ಪುಸ್ತಕ ತೆಗೆದರೆ ಖಾಲಿ ಬಿಟ್ಟ ದಿನಗಳೆಲ್ಲ ಸಾಲಗಾರರ ಥರ ಸಾಲಾಗಿ ನಿಂತಿದ್ದವು. ಮುಚ್ಚಿಟ್ಟೆ. ಆ ಪಂದ್ಯದಲ್ಲಿ ತಪ್ಪೇನಿಲ್ಲ ಬಿಡಿ, ಸಣ್ಣ ಮಕ್ಕಳಿರುವ ಮನೆಗೆ ಲೆಕ್ಕ ಇಡುವ ಯಾವ ಅಭ್ಯಾಸವೂ ಒಗ್ಗುವುದಿಲ್ಲ ಅಷ್ಟೇ.

ಮತ್ತೆ ಶುರುವಾಗಿದ್ದು ಒಂದು ಕಾಗೆಯಿಂದ. ಮಗನಿಗೆ ಕಿಟಕಿ ಹತ್ತಿರ ಕೂರಿಸಿಯೇ ಊಟ ಮಾಡಿಸಬೇಕು. ಒಂದು ತುತ್ತು ಬಾಯಿಗಿಟ್ಟರೆ ಅಗಿಯೋಕೆ ಎರಡು ನಿಮಿಷ. ಎದುರುಮನೆ ಸಜ್ಜೆ ಮೇಲೆ ಕಾಗೆ ಬಂದು ಕೂರುತ್ತದೆ, ಅದನ್ನು ತೋರಿಸಿದರೆ ಬಾಯಿ ತೆಗೆಯುತ್ತಾನೆ. ಒಂದು ದಿನ ಎಡಗೈಯಲ್ಲಿ ತಟ್ಟೆ ಹಿಡಿದುಕೊಂಡೇ ಕರೆಂಟ್ ಬಿಲ್ಲಿನ ಹಿಂದೆ ಆ ಕಾಗೆ ಬರೆದೆ. ಕೊಕ್ಕು, ಕತ್ತು, ಬೆನ್ನಿನ ಗೆರೆ. ಹಾರಿಹೋಯಿತು. ಇನ್ನೊಂದು ತುತ್ತು. ಇನ್ನೊಂದು ಕಾಗೆ.

ಮೈಸೂರಿನವರೇ ಆದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಹುಡುಗರಾಗಿದ್ದಾಗ ಕೋಣೆಯ ಕಿಟಕಿಯಿಂದ ಕಂಡಿದ್ದನ್ನೆಲ್ಲ ಬರೆಯುತ್ತಿದ್ದರಂತೆ. ಒಣಗಿದ ಕಡ್ಡಿ, ಹರಿದಾಡುವ ಹಲ್ಲಿಯಂಥ ಜಂತು, ಸೌದೆ ಒಡೆಯುವ ಆಳು, ಮತ್ತೆ ಕಾಗೆ, ಕಾಗೆ, ಕಾಗೆ. ಮುಂಬೈನ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ದೊಡ್ಡವರಾದ ಮೇಲೂ ಅವರು ಕಾಗೆ ಬಿಡಲಿಲ್ಲ. ಅವರ ಕೈ ನನಗಿಲ್ಲ, ಅದು ಬೇರೆ ಮಾತು. ಆದರೆ ಅದೇ ಕಿಟಕಿ, ಅದೇ ಕಾಗೆ ಸಾಕು ಅನ್ನುವುದು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಲಾಲ್‌ಬಾಗ್‌ಗೆ ಹೋಗುವ ಭಾನುವಾರಕ್ಕೆ ಕಾಯೋದು ಬಿಟ್ಟೆ.

ಇನ್ನೊಂದು ಬಿಟ್ಟೆ, ಮುಗಿಸುವ ಆಸೆ. ಅದು ಕಷ್ಟವಾಯಿತು. ಶೇಡಿಂಗ್ ಮಾಡದೆ ಚಿತ್ರ ಕೊಡಬಾರದು ಅಂತ ಡ್ರಾಯಿಂಗ್ ಮೇಷ್ಟ್ರು ತಲೆಗೆ ತುಂಬಿದ್ದರು. ಮಕ್ಕಳನ್ನು ಬರೆಯುವಾಗ ಶೇಡಿಂಗ್ ಅಂತ ಕೂತರೆ ಮಗು ಕೋಣೆಯಲ್ಲೇ ಇರುವುದಿಲ್ಲ. ಬೆನ್ನು ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಇಷ್ಟನ್ನು ಮೊದಲ ಎರಡು ಗೆರೆಯಲ್ಲಿ ಹಿಡಿಯಬೇಕು. ಸಿಕ್ಕಿದರೆ ಸಿಕ್ಕಿತು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ನರ್ತಕಿಯರ ರೇಖಾಚಿತ್ರ ನೋಡಿದ್ದೀರಲ್ವಾ? ಪೆನ್ನು ಎತ್ತದೆ ಎಳೆದ ಹಾಗಿರುವ ಒಂದೊಂದೇ ಗೆರೆಯಲ್ಲಿ ಮೈ ತಿರುಗುತ್ತದೆ. ಲಯ ತಿಳಿಯಲಿ ಅಂತ ಅವರು ಕಥಕ್ ಕಲಿತಿದ್ದರಂತೆ. ನಾನು ಕಲಿತಿರುವುದು ಸೋಫಾ ಸುತ್ತ ಓಡುವುದನ್ನು. ಅದೂ ಉಪಯೋಗಕ್ಕೆ ಬಂದಿದೆ, ತಮಾಷೆ ಅಲ್ಲ. ಎರಡೂವರೆ ವರ್ಷದ ಮಗು ಓಡುವಾಗ ಹೊಟ್ಟೆ ಮುಂದೆ ಹೋಗುತ್ತೆ, ತಲೆ ಹಿಂದೆ ಉಳಿಯುತ್ತೆ. ಫೋಟೋದಲ್ಲಿ ನನಗೆ ಇದು ಕಂಡೇ ಇರಲಿಲ್ಲ.

(ಜನವರಿಯಲ್ಲಿ ಚಿತ್ರಸಂತೆಗೆ ಹೋಗಿದ್ದೆವು. ಕುಮಾರಕೃಪಾ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಅಲ್ಲಿ ಸ್ಟೂಲ್ ಹಾಕಿಕೊಂಡು ಮುಖ ಬರೆದುಕೊಡುವ ಹುಡುಗನೊಬ್ಬನ ಮುಂದೆ ನನ್ನ ಮಗಳು ಹದಿನೈದು ನಿಮಿಷ ಗೊಂಬೆ ಥರ ಕೂತಳು. ನನಗೆ ಹದಿನೈದು ಸೆಕೆಂಡ್ ಕೂತವಳಲ್ಲ. ಹೊಟ್ಟೆ ಉರಿಯಿತು.)

ಸಾಮಾನಿನ ವಿಷಯ ಜಾಸ್ತಿ ಹೇಳುವುದಿಲ್ಲ. ಬಾಲ್ ಪೆನ್ ಸಾಕು, ಅದೂ ಒತ್ತುವ ಪೆನ್ನು, ಯಾಕಂದರೆ ಕ್ಯಾಪ್ ಇದ್ದರೆ ಅದು ಮಗನ ಬಾಯಿಗೆ ಹೋಗುತ್ತದೆ. ಪೆನ್ಸಿಲ್ ಆದರೆ ಮೆಂಡರ್ ಹುಡುಕಬೇಕು, ಜೊತೆಗೆ ಬ್ಯಾಗಿನಲ್ಲಿ ಉಜ್ಜಿ ಉಜ್ಜಿ ಎದುರಿನ ಪುಟವೆಲ್ಲ ಮಸಿ. ಬಾಲ್ ಪೆನ್ನನ್ನು ಹಗುರವಾಗಿ ಹಿಡಿದರೆ ಬೂದು ಗೆರೆ, ಒತ್ತಿದರೆ ಕಪ್ಪು, ಮೇಲೆ ನೀರು ಚೆಲ್ಲಿದರೂ ಹರಡುವುದಿಲ್ಲ. ನಮ್ಮನೆಯಲ್ಲಿ ನೀರು ಚೆಲ್ಲುತ್ತದೆ. ಫೌಂಟನ್ ಪೆನ್ನಿನ ರಾಯಲ್ ಬ್ಲೂ ಇಂಕಿನಲ್ಲಿ ಬರೆದ ಹದಿನಾಲ್ಕು ಪುಟ ಒಂದು ಲೋಟ ಮಜ್ಜಿಗೆಗೆ ಆಹುತಿಯಾದ ಮೇಲೆ ಬುದ್ಧಿ ಬಂತು. ಪುಸ್ತಕ ಎ5 ಅಳತೆಯದು, ಊಟದ ಡಬ್ಬಿ ಪಕ್ಕದಲ್ಲಿ ಹಿಡಿಸುತ್ತದೆ. ದುಬಾರಿ ಪುಸ್ತಕ ಬೇಡವೇ ಬೇಡ. ನನಗೆ ಉಡುಗೊರೆ ಬಂದ ಚರ್ಮದ ಹೊದಿಕೆಯ ಪುಸ್ತಕ ಇವತ್ತಿಗೂ ಬೀರುವಿನಲ್ಲಿ ರೇಷ್ಮೆ ಸೀರೆ ಜೊತೆ ಮಲಗಿದೆ, ಎರಡನ್ನೂ ತೆಗೆಯೋಕೆ ಹೆದರಿಕೆ.

ಅಗ್ಗದ ಪುಸ್ತಕವಾದರೆ ಮಗಳು ಗೀಚಿದರೂ ಎದೆ ಧಸಕ್ ಅನ್ನುವುದಿಲ್ಲ. ಮೊದಲನೇ ಸಲ ಅವಳು ತನ್ನ ತಮ್ಮನ ಅರ್ಧ ಮುಖಕ್ಕೆ ನೇರಳೆ ಸ್ಕೆಚ್ ಪೆನ್ನಿನಲ್ಲಿ ಮೂಗು ಬರೆದಾಗ ನಾನು ಕಿರುಚಿದ್ದೆ, ಸುಳ್ಳು ಯಾಕೆ ಹೇಳಲಿ. "ನೀನೇ ಮರ್ತು ಹೋಗಿದ್ದೆಯಲ್ಲಮ್ಮ" ಅಂದಳು. ಇನ್ನೊಂದು ಸಲ ಬಿಳಿ ಕ್ರೇಯಾನ್‌ನಿಂದ ಪುಟವಿಡೀ ಏನೋ ಗೀಚಿದ್ದಾಳೆ, ಕಣ್ಣಿಗೆ ಕಾಣುವುದಿಲ್ಲ. ನಾನು ಗೊತ್ತಿಲ್ಲದೆ ಅದರ ಮೇಲೆ ನೀಲಿ ಜಲವರ್ಣ ಬಳಿದೆ. ಮೇಣ ನೀರನ್ನು ಹಿಡಿಯುವುದಿಲ್ಲವಲ್ಲ, ಬಣ್ಣ ಸರಿದು ಅವಳ ಗೆರೆಗಳೆಲ್ಲ ಬೆಳ್ಳಗೆ ಎದ್ದು ಬಂದವು. ಮೀನಂತೆ. ಮೂರು ಮೀನು ಮತ್ತು ಒಂದು ಆಟೋ.

ಈಗ ಶಿಸ್ತಿನ ಮಾತಿಗೆ ಬರುತ್ತೇನೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಒಂದು ಪುಟ್ಟ ಚಿತ್ರ ಇದೆ, 1630ರ ದಶಕದ್ದು, ಇಂಟರ್‌ನೆಟ್‌ನಲ್ಲಿ ಸಿಗುತ್ತೆ. ಕೆಂಪು ಚಾಕ್‌ನಲ್ಲಿ ನಾಲ್ಕಾರು ಗೆರೆ. ಇಬ್ಬರು ಹೆಂಗಸರು ಒಂದು ಮಗುವಿಗೆ ನಡೆಯೋಕೆ ಕಲಿಸುತ್ತಿದ್ದಾರೆ. ಒಬ್ಬಳು ವಯಸ್ಸಾದವಳು, ಬೆನ್ನು ಬಾಗಿದೆ. ಮಗು ಯಾವ ಕ್ಷಣದಲ್ಲಾದರೂ ಬೀಳಬಹುದು ಅನ್ನುವುದು ಆ ಗೆರೆಯಲ್ಲೇ ಇದೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಆದರೆ ಮಗ ನಡೆಯೋಕೆ ಕಲಿಯುವಾಗ ನಾನೇ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದ್ದ ದಿನ ನೋಡಿದಾಗ ಬೇರೆ ಒಂದು ಹೊಳೆಯಿತು. ಮಗುವನ್ನು ಹಿಡಿದಿರುವವರು ಹೆಂಗಸರು, ಚಾಕ್ ಹಿಡಿದಿರುವವನು ಗಂಡಸು. ಅವನ ಕೈ ಖಾಲಿ ಇತ್ತು, ಬರೆದ.

ನನ್ನ ಅಭ್ಯಾಸ ಉಳಿದಿರುವುದೂ ಹೀಗೇ. ಕಾಗೆಯಿಂದ ಶುರುವಾಯಿತು ನಿಜ, ಆದರೆ ತಿಂಗಳೊಳಗೆ ಮತ್ತೆ ನಿಂತಿತ್ತು. ಆಮೇಲೆ ಒಂದು ರಾತ್ರಿ ಗಂಡನ ಜೊತೆ ಸರಿಯಾಗಿ ಜಗಳ ಆಯಿತು. ಅವರು ಪ್ರತಿ ಭಾನುವಾರ ಕ್ರಿಕೆಟ್‌ಗೆ ಹೋಗುತ್ತಾರೆ, ಅದಕ್ಕೆ ಯಾರೂ ಶಿಸ್ತು ಅನ್ನುವುದಿಲ್ಲ, ಟೈಮ್ ಎಲ್ಲಿ ಸಿಗುತ್ತೆ ಅಂತಲೂ ಕೇಳುವುದಿಲ್ಲ. ಅವತ್ತಿನಿಂದ ರಾತ್ರಿ ಪಾತ್ರೆ ಅವರದು, ಭಾನುವಾರ ಸಂಜೆ ನಲವತ್ತು ನಿಮಿಷ ನನ್ನದು. ಪಾತ್ರೆ ತಳದಲ್ಲಿ ಜಿಡ್ಡು ಉಳಿದಿರುತ್ತದೆ. ನಾನು ನೋಡುವುದಿಲ್ಲ. ಆದ್ದರಿಂದ ತಾಯಂದಿರಿಗೆ "ಮನಸ್ಸಿದ್ದರೆ ಮಾರ್ಗ" ಅಂತ ಯಾರಾದರೂ ಬುದ್ಧಿ ಹೇಳಿದರೆ ನನಗೆ ಮೈ ಉರಿಯುತ್ತದೆ. ಮನಸ್ಸು ಮೂರು ವರ್ಷವೂ ಇತ್ತು ಸ್ವಾಮಿ. ಸಿಂಕಿನಲ್ಲಿ ಪಾತ್ರೆಯೂ ಇತ್ತು.

ನಮ್ಮ ಅತ್ತೆ ಮೊದಮೊದಲು "ಇದರಿಂದ ಏನಮ್ಮ ಬರುತ್ತೆ?" ಅನ್ನುತ್ತಿದ್ದರು. ಈ ಸಲ ಅವರೆಕಾಯಿ ಕಾಲದಲ್ಲಿ ಚನ್ನರಾಯಪಟ್ಟಣದಿಂದ ಬಂದು, ನೆನೆಸಿದ ಕಾಳು ಹಿದುಕುತ್ತಾ ನೆಲದ ಮೇಲೆ ಕೂತಿದ್ದರು. ನಾನು ಸದ್ದಿಲ್ಲದೆ ಪುಸ್ತಕ ತೆಗೆದೆ. ಅವರು ಗಮನಿಸಿದರು. ಏನೂ ಅನ್ನಲಿಲ್ಲ, ಸೆರಗು ಸರಿ ಮಾಡಿಕೊಂಡರು, ಬೆನ್ನು ನೆಟ್ಟಗೆ ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ, "ಮಗೂದು ಬರೆದ ಹಾಗೆ ಅರ್ಧಕ್ಕೆ ಬಿಡಬೇಡ. ನಂದು ಪೂರ್ತಿ ಬರಿ" ಅಂದರು.

ಮೂರು ಭಾನುವಾರ ಆಯಿತು. ಮೂಗು, ಮೂಗುಬೊಟ್ಟು, ಮೊರದಲ್ಲಿರುವ ಸಿಪ್ಪೆ ಎಲ್ಲ ಬಂದಿದೆ. ಕಾಲು ಬಾಕಿ ಇದೆ. ಅವರು ನಾಳಿದ್ದು ಊರಿಗೆ ಹೊರಡುತ್ತಾರೆ, ಬಸ್ಸು ಬೆಳಿಗ್ಗೆ ಏಳಕ್ಕೆ.