ನೇರಳೆಯ ಲೋಪಸಂಧಿ

ಅರ್ಜಿ ನಮೂನೆಯ ಬಹುತೇಕ ಅಂಕಣಗಳನ್ನು ನಾನು ಹತ್ತು ನಿಮಿಷಗಳಲ್ಲಿ ತುಂಬಿ ಮುಗಿಸಿದ್ದೆ. ಹೆಸರು, ವಿಳಾಸ, ನಿವೇಶನದ ಸಂಖ್ಯೆ, ಮರದ ಜಾತಿ, ಮರಗಳ ಸಂಖ್ಯೆ, ಇವುಗಳಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ. ‘ಮರ ಕಡಿಯಲು ಕಾರಣ’ ಎಂಬ ಅಂಕಣದ ಮುಂದೆ ಮಾತ್ರ ಪೆನ್ನು ನಿಂತುಬಿಟ್ಟಿತು. ನಿಜವನ್ನೇ ಬರೆಯುವುದಾದರೆ ಎರಡಕ್ಷರ ಸಾಕಾಗಿತ್ತು: ಕಾರು.

ನಮ್ಮ ಮನೆಯ ಗೇಟಿಗೂ ಜಗಲಿಗೂ ನಡುವೆ, ಕಾರೊಂದು ಅಚ್ಚುಕಟ್ಟಾಗಿ ಒಳಬಂದು ನಿಲ್ಲಬಹುದಾದ ಜಾಗದ ನಟ್ಟನಡುವೆ, ಒಂದು ನೇರಳೆ ಮರವಿದೆ. ಮೂವತ್ತು ವರ್ಷಗಳ ಹಿಂದೆ ನಮ್ಮ ತಂದೆಯವರು ಅದನ್ನು ನೆಟ್ಟಾಗ ಮನೆಯಲ್ಲಿದ್ದದ್ದು ಒಂದು ಸೈಕಲ್ಲು ಮಾತ್ರ. ಮರ ಬೆಳೆದರೆ ಸೈಕಲ್ಲನ್ನು ಅದಕ್ಕೇ ಒರಗಿಸಬಹುದೆಂಬ ದೂರದೃಷ್ಟಿ ಅವರದಾಗಿತ್ತು. ನನ್ನ ಕಾಲಕ್ಕೆ ಕಾರು ಬಂತು, ಅದೂ ಬಿಳಿಯ ಬಣ್ಣದ್ದು. ಒಳಗೆ ಜಾಗವಿಲ್ಲದೆ ಅದು ಬೀದಿಯಲ್ಲಿ ನಿಲ್ಲುತ್ತದೆ, ಬೀದಿಯಲ್ಲೂ ಕಾಂಪೌಂಡಿನಾಚೆಗೆ ಚಾಚಿದ ನೇರಳೆಯ ಕೊಂಬೆಗಳ ಕೆಳಗೇ ನಿಲ್ಲುತ್ತದೆ. ಮುಂಗಾರು ಶುರುವಾಗುವ ಹೊತ್ತಿಗೆ ಹಣ್ಣು ಬಿಟ್ಟಿತೆಂದರೆ ಹಗಲಿನಲ್ಲಿ ಕೋಗಿಲೆ ಮತ್ತು ಕುಟ್ರುಹಕ್ಕಿಗಳು, ರಾತ್ರಿಯಲ್ಲಿ ಬಾವಲಿಗಳು ಪಾಳಿಯ ಮೇಲೆ ಬಂದು ಉಣ್ಣುತ್ತವೆ. ಉದುರಿದ ಹಣ್ಣಿನ ಬಣ್ಣವಾದರೂ ಒಂದು ತೊಳೆತಕ್ಕೆ ಅರ್ಧ ಹೋಗುತ್ತದೆ. ಅತಿಥಿಗಳು ಉಂಡು ಹಿಂದಿರುಗಿಸಿದ್ದರ ಬಣ್ಣ ಹೋಗುವುದೇ ಇಲ್ಲ. ಮೊದಲ ವರ್ಷದ ಜುಲೈ ಮುಗಿಯುವಷ್ಟರಲ್ಲಿ ನನ್ನ ಕಾರು ಹೋಳಿಹಬ್ಬದ ಮೆರವಣಿಗೆಯಲ್ಲಿ ಸಿಕ್ಕಿಕೊಂಡು ಬಂದಂತೆ ಕಾಣತೊಡಗಿತು. ನೋಂದಣಿ ಪತ್ರದಲ್ಲಿ ಬಿಳಿ ಎಂದಿದ್ದು, ಎದುರಿಗೆ ಇನ್ನೇನೋ ಬಣ್ಣ ನಿಂತಿದ್ದರೆ ಪೊಲೀಸರಿಗೆ ಏನು ಹೇಳುವುದೆಂಬ ಚಿಂತೆಯೂ ಹತ್ತಿತು.

ನಮ್ಮದೇ ನಿವೇಶನ, ನಮ್ಮ ತಂದೆಯವರೇ ನೆಟ್ಟ ಮರ, ಕೊಡಲಿಯೊಂದನ್ನು ಬಾಡಿಗೆಗೆ ತಂದರಾಯಿತು ಎಂದುಕೊಂಡಿದ್ದ ನನಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪರಿಚಯ ಮಾಡಿಕೊಟ್ಟವರು ಪಕ್ಕದ ಮನೆಯ ಮೇಷ್ಟ್ರು. ಅವರು ನಿವೃತ್ತ ಕನ್ನಡ ಅಧ್ಯಾಪಕರು. ಯಾವುದೇ ಕೆಲಸವನ್ನು ಮಾಡುವ ಮುನ್ನ ಅದರ ವ್ಯಾಕರಣವನ್ನು ತಿಳಿಯಬೇಕೆನ್ನುವವರು. “ನೋಡಪ್ಪ, ಮರ ನಿನ್ನದೇ ಇರಬಹುದು, ಆದರೆ ಕಡಿಯಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು” ಎಂದರು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆಯಂತೆ. ಆ ದಿನ ತಂದೆಯವರು ತೆಂಗಿನ ಸಸಿ ತರಲೆಂದೇ ಹೊರಟಿದ್ದರೆಂದೂ, ಅದು ಮುಗಿದಿದ್ದರಿಂದ ಬರಿಗೈಯಲ್ಲಿ ಬರಬಾರದೆಂದು ನೇರಳೆಯನ್ನು ತಂದರೆಂದೂ ಅಮ್ಮ ಒಳಗಿನಿಂದ ಕೂಗಿ ಹೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು.

ಅನುಮತಿ ಬೇಡುವವರಿಗೆ ದಾರಿಗಳಿಲ್ಲದಿಲ್ಲ. ಮರ ಸತ್ತಿರಬೇಕು, ರೋಗ ಹಿಡಿದಿರಬೇಕು, ಗಾಳಿಗೆ ಬಿದ್ದಿರಬೇಕು, ಬೆಂಕಿಗೋ ಸಿಡಿಲಿಗೋ ಸಿಕ್ಕಿ ಕೆಟ್ಟಿರಬೇಕು, ಜನರ ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವಂತಿರಬೇಕು, ಇಲ್ಲವೇ ಸಂಚಾರಕ್ಕೆ ಅಡ್ಡಿಯಾಗಿರಬೇಕು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಾನು ಮರದ ಸುತ್ತ ಮೂರು ಪ್ರದಕ್ಷಿಣೆ ಹಾಕಿದೆ. ಇಂಥ ಮದುಮಗನಂಥ ಮರದ ಮೇಲೆ ಯಾವ ಅಪವಾದವನ್ನು ಹೊರಿಸುವುದು? ಸತ್ತಿದೆ ಎನ್ನುವಂತಿಲ್ಲ, ಚಿಗುರಿದೆ. ರೋಗವೆಂದರೆ ಅದಕ್ಕಿಂತ ಹೆಚ್ಚು ಮಾತ್ರೆಗಳನ್ನು ನಾನು ನುಂಗುತ್ತಿದ್ದೇನೆ. ‘ಸಂಚಾರಕ್ಕೆ ಅಡ್ಡಿ’ ಎಂಬುದು ಮಾತ್ರ ಆಶಾದಾಯಕವಾಗಿ ಕಂಡಿತು; ಏಕೆಂದರೆ ಗೇಟಿನಿಂದ ಜಗಲಿಯವರೆಗಿನ ಹದಿನೈದು ಅಡಿಗಳಲ್ಲಿ ನನ್ನ ಕಾರಿನ ಸಂಚಾರಕ್ಕೆ ಅದು ನಿಸ್ಸಂದೇಹವಾಗಿ ಅಡ್ಡಿಯಾಗಿತ್ತು.

ನಾನು ಹೀಗೆ ಒದ್ದಾಡುತ್ತಿರುವುದನ್ನು ಕಂಡ ಎದುರುಮನೆಯವರು ಮೆಲ್ಲಗೆ ಹತ್ತಿರ ಬಂದು, ಕಾಂಡದಲ್ಲಿ ತೂತು ಕೊರೆದು ಇಂಗು ತುಂಬಿದರೆ ಮರ ತಾನಾಗಿಯೇ ಒಣಗುತ್ತದೆ, ಆಗ ‘ಸತ್ತಿದೆ’ ಎಂದು ಧೈರ್ಯವಾಗಿ ಬರೆಯಬಹುದು ಎಂಬ ಗುಟ್ಟನ್ನು ಹೇಳಿಕೊಟ್ಟರು. ಮೇಷ್ಟ್ರು ಕಾಂಪೌಂಡಿನ ಆಚೆಯಿಂದಲೇ, ಕಾಯ್ದೆಯ ಪ್ರಕಾರ ಕಡಿಯುವುದೆಂದರೆ ಕೊಡಲಿಯಿಂದ ಕಡಿಯುವುದಷ್ಟೇ ಅಲ್ಲ, ಸುಡುವುದೂ ಮರಕ್ಕೆ ಬೇರಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಕಡಿದಂತೆಯೇ ಲೆಕ್ಕ ಎಂದು ವಿವರಿಸಿ, “ಇಂಗು ಮರಕ್ಕೆ, ಇಂಗು ತಿಂದ ಮಂಗನ ಪಾಡು ನಿನಗೆ” ಎಂದು ಮುಗಿಸಿದರು. ಎದುರುಮನೆಯವರು ಅಂದಿನಿಂದ ಇಂಗಿನ ಮಾತೆತ್ತಿಲ್ಲ.

ಕೊನೆಗೆ ‘ಮರವು ಮನೆಯ ಕಡೆಗೆ ವಾಲಿದ್ದು ಪ್ರಾಣ ಮತ್ತು ಆಸ್ತಿಗೆ ಅಪಾಯವಿರುತ್ತದೆ, ವಾಹನ ಸಂಚಾರಕ್ಕೂ ಅಡ್ಡಿಯಾಗಿರುತ್ತದೆ, ಆದ್ದರಿಂದ ವಿಶೇಷ ಪ್ರಕರಣವೆಂದು ಪರಿಗಣಿಸಿ’ ಎಂದು ಬರೆದೆ. ಉಳಿದದ್ದು ಅಳತೆ. ಮರವನ್ನು ಅಳೆಯುವುದು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು ಎದೆಯ ಮಟ್ಟದಲ್ಲಿ. ಮನೆಯಲ್ಲಿದ್ದದ್ದು ಹೊಲಿಗೆಯ ಟೇಪು. ಅದರ ಉದ್ದ 150 ಸೆಂಟಿಮೀಟರ್, ಮರದ ಸುತ್ತಳತೆ ಅದಕ್ಕಿಂತ ಹೆಚ್ಚು. ಟೇಪು ಮುಗಿದಲ್ಲಿ ಗುರುತು ಹಾಕಿಕೊಂಡು ಮುಂದುವರಿಯಬೇಕಾಗಿದ್ದರಿಂದ ಮರವನ್ನು ಬಹುಕಾಲದ ಗೆಳೆಯನಂತೆ ತಬ್ಬಿಕೊಂಡೆ. ಎಲೆಗಳನ್ನು ಹೊಲಿದು ಗೂಡು ಕಟ್ಟಿಕೊಂಡಿದ್ದ ಕೆಂಜಿರುವೆಗಳಿಗೆ ಈ ಸ್ನೇಹ ಹಿಡಿಸಲಿಲ್ಲ. ಅಂಗಿಯ ಒಳಗೆ ಅವುಗಳದೂ ಒಂದು ಸ್ಥಳ ಪರಿಶೀಲನೆ ನಡೆಯುತ್ತಿದ್ದಾಗ, ನಾನು ಬೀದಿಯವರೆಲ್ಲ ನೋಡುವಂತೆ ಕುಣಿಯುತ್ತಲೇ “ನೂರಾ ತೊಂಬತ್ತು! ನೂರಾ ತೊಂಬತ್ತು!” ಎಂದು ಕೂಗಿದೆ, ಮನೆಯಾಕೆ ಜಗಲಿಯಲ್ಲಿ ಕುಳಿತು ಅದನ್ನು ಬರೆದುಕೊಂಡಳು. ನಮೂನೆಯಲ್ಲಿ ಅಕ್ಕಪಕ್ಕದಲ್ಲೇ ಎರಡು ಅಂಕಣಗಳಿದ್ದವು: ಒಂದು ಸುತ್ತಳತೆ, ಇನ್ನೊಂದು ವ್ಯಾಸ. ಇರುವೆ ಕಚ್ಚಿ ಊದಿಕೊಂಡಿದ್ದ ಬೆರಳುಗಳಿಂದ ನಾನು 190 ಎಂಬುದನ್ನು ವ್ಯಾಸದ ಅಂಕಣದಲ್ಲಿ ಬರೆದು, ಸಹಿ ಹಾಕಿ, ಕಚೇರಿಗೆ ಕೊಟ್ಟು ಬಂದೆ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ನಾಲ್ವರು ಜೀಪಿನಿಂದಿಳಿದರು. ಅವರಲ್ಲೊಬ್ಬರ ಕೈಯಲ್ಲಿ ಕ್ಯಾಮೆರಾ ಇತ್ತು. ಗೇಟಿನೊಳಗೆ ಬಂದವರೇ ನೇರಳೆಯನ್ನು ದಾಟಿ, ಮನೆಯನ್ನು ಬಳಸಿ, ಹಿತ್ತಲಿಗೆ ಹೋಗಿ, ಬಟ್ಟೆ ಒಣಗಿಸುವ ತಂತಿಯನ್ನು ನೋಡಿ ವಾಪಸು ಬಂದರು.

“ಸಾರ್, ಆ ದೊಡ್ಡ ಮರ ಎಲ್ಲಿದೆ?”

“ಇದೇ ಸ್ವಾಮಿ, ನೀವು ಈಗ ಕೈ ಊರಿ ನಿಂತಿರುವುದೇ.”

ಅವರು ಅರ್ಜಿಯನ್ನು ನೋಡಿದರು, ಮರವನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ವ್ಯಾಸವೇ 190 ಸೆಂಟಿಮೀಟರ್ ಎಂದರೆ ಸುತ್ತಳತೆ ಹತ್ತಿರ ಹತ್ತಿರ ಆರು ಮೀಟರ್ ಆಗುತ್ತದೆಯೆಂದೂ, ಅಷ್ಟು ದಪ್ಪದ ನೇರಳೆ ವಸತಿ ಬಡಾವಣೆಯೊಂದರಲ್ಲಿ ಇದೆಯೆಂದರೆ ಅದನ್ನು ಕಡಿಯುವ ಮಾತಿರಲಿ, ಕಟ್ಟೆ ಕಟ್ಟಿಸಿ ಫಲಕ ಹಾಕಬೇಕಾದೀತೆಂದು ಮಾತಾಡಿಕೊಂಡು ಬಂದಿದ್ದರೆಂದೂ ಆಮೇಲೆ ತಿಳಿಯಿತು. ಕ್ಯಾಮೆರಾದವರ ಮುಖ ಸಪ್ಪಗಾದದ್ದನ್ನು ಕಂಡು ನನಗೇ ನಾಚಿಕೆಯಾಗಿ, ತಟ್ಟೆಯಲ್ಲಿ ನೇರಳೆ ಹಣ್ಣು ತರಿಸಿಕೊಟ್ಟೆ. ಅರ್ಜಿದಾರನ ಬುದ್ಧಿವಂತಿಕೆ ಎಷ್ಟೆಂಬುದು ಇದರಿಂದಲೇ ತಿಳಿಯಬೇಕು: ಯಾವ ಮರ ರೋಗಗ್ರಸ್ತವೆಂದೂ ಅಪಾಯಕಾರಿಯೆಂದೂ ಸಾಧಿಸಬೇಕಾಗಿದೆಯೋ ಅದರದೇ ಹಣ್ಣನ್ನು ಪರಿಶೀಲನೆಗೆ ಬಂದವರ ಬಾಯಿಗೆ ಹಾಕುವುದು. “ಏನು ರುಚಿ ಸಾರ್! ಬೀಜವೂ ಚಿಕ್ಕದು” ಎಂದು ನಾಲ್ವರೂ ಒಕ್ಕೊರಲಿನಿಂದ ಹೇಳಿದರು. ಅವರು ನಕ್ಕಾಗ ಕಂಡ ನಾಲಿಗೆಗಳ ಬಣ್ಣವೇ ನನ್ನ ಅರ್ಜಿಯ ವಿರುದ್ಧ ನಾಲ್ಕು ಸಾಕ್ಷಿಗಳಂತಿತ್ತು.

ಮುಂದಿನದು ವಾಲಿಕೆಯ ಪ್ರಶ್ನೆ. ಅವರಲ್ಲಿ ಹಿರಿಯರು ಜೇಬಿನಿಂದ ದಾರವನ್ನು ತೆಗೆದು, ತುದಿಗೆ ಕಲ್ಲು ಕಟ್ಟಿ, ಕಾಂಡದ ಪಕ್ಕದಲ್ಲಿ ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದರು. ದಾರ ಮತ್ತು ಮರ ಅಣ್ಣತಮ್ಮಂದಿರಂತೆ ನಿಂತಿದ್ದವು. “ಮರ ನೆಟ್ಟಗಿದೆಯಲ್ಲ ಸಾರ್” ಎಂದವರು, ಕುತೂಹಲಕ್ಕೆಂದು ಅದೇ ದಾರವನ್ನು ಕಾಂಪೌಂಡು ಗೋಡೆಯ ಪಕ್ಕದಲ್ಲಿ ಹಿಡಿದರು. ಗೋಡೆ ಬೀದಿಯ ಕಡೆಗೆ ಎರಡು ಬೆರಳು ವಾಲಿತ್ತು. ಪ್ರಾಣ ಮತ್ತು ಆಸ್ತಿಗೆ ಅಪಾಯವಿರುವುದು ಗೋಡೆಯಿಂದ, ಅದನ್ನು ಬೇಗ ಸರಿಪಡಿಸಿಕೊಳ್ಳಿ ಎಂದು ಬಹಳ ವಿನಯದಿಂದ ಹೇಳಿದರು. ‘ಸಂಚಾರಕ್ಕೆ ಅಡ್ಡಿ’ ಎಂಬುದರ ಬಗ್ಗೆ ಅವರು ಏನನ್ನೂ ಕೇಳಲಿಲ್ಲ. ಬೀದಿಯಲ್ಲಿ ಅರ್ಧ ದಾರಿಯನ್ನು ಆವರಿಸಿ ನಿಂತಿದ್ದ ನನ್ನ ಕಾರನ್ನು ಒಮ್ಮೆ ತಿರುಗಿ ನೋಡಿದರು, ಅಷ್ಟೇ.

ಅರ್ಜಿ ‘ಲೋಪದೋಷಗಳನ್ನು ಸರಿಪಡಿಸಿ ಮರುಸಲ್ಲಿಸುವುದು’ ಎಂಬ ಷರಾದೊಂದಿಗೆ ಹಿಂದಿರುಗಿತು. ಅದನ್ನು ಮೇಷ್ಟ್ರಿಗೆ ತೋರಿಸಿದಾಗ ಅವರು ಕನ್ನಡಕ ಸರಿಪಡಿಸಿಕೊಂಡು ಓದಿ, ಬಹಳ ಹೊತ್ತು ಏನೋ ಯೋಚಿಸಿ, “ನೇರ ಜೊತೆಗೆ ಅಳೆ, ಏನಾಯಿತು?” ಎಂದರು. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. “ನೇರಳೆ. ಲೋಪಸಂಧಿ. ಮರ ತನ್ನ ಹೆಸರಿನಲ್ಲೇ ನಿನಗೆ ಹೇಳಿತ್ತು, ನೇರ ಅಳೆ ಅಂತ. ನೀನು ಸಂಧಿಯನ್ನು ಬಿಟ್ಟು ಲೋಪವನ್ನಷ್ಟೇ ಮಾಡಿದೆ.” ಇಂಥ ವ್ಯುತ್ಪತ್ತಿಯನ್ನು ಯಾವ ನಿಘಂಟೂ ಒಪ್ಪಲಾರದು. ಆದರೂ ಆ ದಿನ ಎದುರುತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎರಡನೆಯ ಅರ್ಜಿಯ ತಯಾರಿ ನಿಧಾನವಾಗಿ ಸಾಗಿತು. ಕಂದಾಯದ ರಸೀದಿ ಸಿಗಲಿಲ್ಲ, ಸಿಕ್ಕಾಗ ನಕ್ಷೆ ಸಿಗಲಿಲ್ಲ, ಎರಡೂ ಸಿಕ್ಕಿ ಅರ್ಜಿ ಕೊಟ್ಟು ಪಡೆದ ಸ್ವೀಕೃತಿ ಪತ್ರ ಅಂಗಿಯ ಜೇಬಿನಲ್ಲೇ ಉಳಿದು ಬಟ್ಟೆ ಒಗೆಯುವ ಯಂತ್ರದಲ್ಲಿ ಮುದ್ದೆಯಾಯಿತು. ಈ ನಡುವೆ ನಾನು ಒಂದು ಜಾಣತನವನ್ನೂ ಮಾಡಿದ್ದೆ. ಅನುಮತಿ ಕೊಡುವಾಗ ಬದಲಿಗೆ ಬೇರೆ ಸಸಿ ನೆಡಬೇಕೆಂಬ ಷರತ್ತು ಹಾಕುತ್ತಾರೆಂದು ಕೇಳಿ, ಅವರು ಹೇಳುವ ಮೊದಲೇ ನೆಟ್ಟು ತೋರಿಸಿದರೆ ನನ್ನ ಸದ್ಭಾವನೆಗೆ ಮೆಚ್ಚಿ ವಿನಾಯಿತಿ ಕೊಟ್ಟಾರೆಂದು ಲೆಕ್ಕ ಹಾಕಿ, ನರ್ಸರಿಯಿಂದ ಆಳುದ್ದದ ಹೊಂಗೆ ಸಸಿಯೊಂದನ್ನು ತಂದು ಗೇಟಿನ ಒಳಮಗ್ಗುಲಲ್ಲಿ ನೆಟ್ಟಿದ್ದೆ. ಎರಡು ಮಳೆಗಾಲಗಳು ಕಳೆದವು. ನನ್ನ ಕಡತ ಬೆಳೆಯುವ ವೇಗವನ್ನು ಹೊಂಗೆ ಸುಲಭವಾಗಿ ಹಿಂದೆ ಹಾಕಿತು.

ಎರಡನೆಯ ಪರಿಶೀಲನೆಗೆ ಅದೇ ಹಿರಿಯರು ಒಬ್ಬರೇ ಬಂದರು. ಈ ಸಲ ನೇರಳೆಯ ಸುತ್ತಳತೆ 190, ವ್ಯಾಸ ಸುಮಾರು 60 ಎಂದು ನಾನು ನೇರವಾಗಿಯೇ ಬರೆದಿದ್ದೆ. ಅವರು ತಲೆದೂಗಿದರು. ಹೊರಡುವಾಗ ಮಾತ್ರ ಗೇಟಿನ ಹತ್ತಿರ ನಿಂತು, ಬಗ್ಗಿ, ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಹೊಂಗೆಯ ಸುತ್ತ ಟೇಪು ಹಿಡಿದರು. 17 ಸೆಂಟಿಮೀಟರ್.

“ಸಾರ್, ವ್ಯಾಸ 5 ಸೆಂಟಿಮೀಟರ್ ದಾಟಿತು, ಎತ್ತರ 1 ಮೀಟರ್ ಎಂದೋ ದಾಟಿದೆ. ಕಾಯ್ದೆಯ ಪ್ರಕಾರ ಇದೂ ಈಗ ಮರವೇ. ಕಾರು ಒಳಗೆ ತಿರುಗಬೇಕಾದರೆ ಇದನ್ನೂ ತೆಗೆಯಬೇಕಲ್ಲವೇ? ಅರ್ಜಿಯಲ್ಲಿ ಮರಗಳ ಸಂಖ್ಯೆ ಒಂದು ಎಂದಿದೆ.”

ಮೂರನೆಯ ನಮೂನೆಯನ್ನು ತರಲು ಹೊರಟಿದ್ದ ನನ್ನನ್ನು ಮನೆಯಾಕೆ ತಡೆದಳು. ಒಂದು ಮರಕ್ಕೆ ಅರ್ಜಿ ಹಾಕಿ ಎರಡು ಮರಗಳಾದವು, ಎರಡಕ್ಕೆ ಹಾಕಿದರೆ ಮನೆ ಬಿಟ್ಟುಕೊಡಬೇಕಾಗುತ್ತದೆ ಎಂಬುದು ಅವಳ ಲೆಕ್ಕ. ಅರ್ಜಿಯನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ಬರೆದೆ. ಅದರಲ್ಲೂ ಕಾರಣ ತಿಳಿಸಬೇಕೆಂದಿದ್ದರಿಂದ ‘ಮರವು ಆರೋಗ್ಯವಾಗಿದ್ದು ನೆಟ್ಟಗಿರುತ್ತದೆ’ ಎಂದು ಬರೆದೆ. ಇಡೀ ಕಡತದಲ್ಲಿ ಪೆನ್ನು ಎಲ್ಲೂ ನಿಲ್ಲದೆ ಬರೆದ ವಾಕ್ಯ ಅದೊಂದೇ ಇರಬೇಕು. ಅಲ್ಲಿಂದ ಬರುವ ದಾರಿಯಲ್ಲಿ ಕಾರಿಗೆ ಹೊದಿಕೆ ಕೊಳ್ಳಲು ಹೋದೆವು. ಯಾವ ಬಣ್ಣದ್ದು ಕೊಡಲಿ ಎಂದು ಅಂಗಡಿಯವರು ಕೇಳಿದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯಾಕೆ “ನೇರಳೆ” ಎಂದಿದ್ದಳು.