ಸತ್ಯಾಂಶ: ಅಬ್ರಹಾಂ ಅಂದರೆ ಬ್ರಹ್ಮನಾ?

‘ಅಬ್ರಹಾಂ ಅಂದರೆ ಬ್ರಹ್ಮ, ಸಾರಾ ಅಂದರೆ ಸರಸ್ವತಿ. ಹೀಬ್ರೂ ಜನ ಮೂಲದಲ್ಲಿ ಭಾರತದವರು’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಹೆಸರುಗಳು ಕಿವಿಗೆ ಒಂದೇ ತರಹ ಕೇಳಿಸುತ್ತವೆ, ನಿಜ. ನಂಟು ಅಷ್ಟಕ್ಕೇ ಮುಗಿಯಿತು.

ಬೈಬಲ್ ಪ್ರಕಾರ ಅಬ್ರಹಾಂ ಹೀಬ್ರೂ ಜನರ (ಯಹೂದಿಗಳ ಪೂರ್ವಿಕರ) ಮೂಲಪುರುಷ, ಸಾರಾ ಅವನ ಹೆಂಡತಿ. ಅಲ್ಲಿ ಅವನ ಮೊದಲ ಹೆಸರು ಅಬ್ರಾಮ. ಹೀಬ್ರೂವಿನಲ್ಲಿ ‘ಅಬ್’ ಎಂದರೆ ಅಪ್ಪ, ‘ರಾಮ್’ ಎಂದರೆ ಎತ್ತರದ. (ನಮ್ಮ ರಾಮನಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಮುಂದಿನ ಫಾರ್ವರ್ಡ್ ಆಗದಿರಲಿ!) ಸಾರಾ ಎಂದರೆ ರಾಜಮನೆತನದ ಹೆಣ್ಣು. ಹೀಬ್ರೂ ಭಾಷೆ ಅರಬ್ಬಿಯ ಬಳಗದ್ದು. ಸಂಸ್ಕೃತದ ಬಳಗವೇ ಬೇರೆ.

ಹಾಗಾದರೆ ಹೀಬ್ರೂ ಜನ ಎಲ್ಲಿಯವರು? ಈಜಿಪ್ಟಿನ ದೊರೆ ಮೆರ್ನೆಪ್ತಾನ ಕಲ್ಲುಶಾಸನದಲ್ಲಿ ‘ಇಸ್ರೇಲ್’ ಎಂಬ ಜನರ, ಅಂದರೆ ಇದೇ ಹೀಬ್ರೂ ಜನರ, ಹೆಸರಿದೆ. ಕಾಲ ಸುಮಾರು ಕ್ರಿ.ಪೂ. 1208, ಆ ಜನರಿದ್ದ ಜಾಗ ಕಾನಾನ್, ಅಂದರೆ ಇಂದಿನ ಇಸ್ರೇಲ್-ಪ್ಯಾಲೆಸ್ತೀನ್ ಸುತ್ತಲಿನ ನಾಡು. ಅಲ್ಲಿನ ಬೆಟ್ಟದ ಹಳ್ಳಿಗಳನ್ನು ಅಗೆದಾಗ ಸಿಕ್ಕ ಮಡಕೆಗಳು ಕಾನಾನ್ ಜನರ ಮಡಕೆಗಳನ್ನೇ ಹೋಲುತ್ತವೆ. ಇವರಲ್ಲಿ ಜಾಸ್ತಿ ಜನ ಅಲ್ಲಿಯವರೇ ಎನ್ನುವುದು ಹೆಚ್ಚಿನ ವಿದ್ವಾಂಸರ ಮಾತು.

ಶುರುವಿನಿಂದಲೂ ಎಲ್ಲರೂ ಒಬ್ಬನೇ ದೇವರನ್ನು ಪೂಜಿಸಿದರು ಅನ್ನುವಂತೆಯೂ ಇಲ್ಲ. ಸಿನಾಯಿಯ ಕುಂತಿಲೆತ್ ಅಜ್ರುದ್‌ನಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 800ರ ಬರಹಗಳು ‘ಯಾಹ್ವೆ ಮತ್ತು ಅವನ ಅಶೇರಾ’ ಹೆಸರಲ್ಲಿ ಹರಸುತ್ತವೆ. ಯಾಹ್ವೆ ಹೀಬ್ರೂ ಜನರ ದೇವರು, ಅಶೇರಾ ಕಾನಾನಿನ ದೇವತೆಯ ಹೆಸರು. ಒಬ್ಬನೇ ದೇವರೆಂಬ ನಂಬಿಕೆ ಗಟ್ಟಿಯಾದದ್ದು ಕ್ರಿ.ಪೂ. 6ನೇ ಶತಮಾನದಲ್ಲಿ, ಯೆರೂಸಲೇಮ್ ಬಿದ್ದು ಜನ ಬ್ಯಾಬಿಲೋನಿನಲ್ಲಿ ಸೆರೆಯಿದ್ದ ಕಾಲದ ಆಸುಪಾಸಿನಲ್ಲಿ.