ನೆತ್ತಿ ಮೇಲಿಂದ ಒಮ್ಮೆ ನೋಡಿ

ಹೋದ ತಿಂಗಳು ತಿಪಟೂರಿನಿಂದ ನನ್ನ ಚಿಕ್ಕಪ್ಪನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಅವಳ ಎರಡು ತಿಂಗಳ ಕೂಸಿನ ತಲೆ, ಮೇಲಿಂದ ತೆಗೆದದ್ದು. "ಅಕ್ಕಾ, ಒಂದು ಕಡೆ ಚಪ್ಪಟೆ ಅನ್ಸುತ್ತೆ. ತಲೆ ದುಂಡಾಗಲಿ ಅಂತ ನಿಮ್ಮ ಮಗನಿಗೆ ಹಾಕಿದ್ರಲ್ಲ ಹೆಲ್ಮೆಟ್, ಅದು ಇಲ್ಲಿ ಸಿಗುತ್ತಾ?" ನಾನು ಹೆಲ್ಮೆಟ್ ಮಾತು ಬಿಟ್ಟು, "ಅವಳು ಯಾವ ಕಡೆ ಜಾಸ್ತಿ ನೋಡ್ತಾಳೆ?" ಅಂತ ಕೇಳಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು. "ಎಡಕ್ಕೇ ಅಕ್ಕಾ. ಬಲಕ್ಕೆ ತಿರುಗಿಸಿದ್ರೆ ಅಳ್ತಾಳೆ."

ಇದನ್ನೇ ನನಗೆ ನನ್ನಮ್ಮ ಹೇಳಿದ್ದರು. ನಾನು ಕೇಳಲಿಲ್ಲ.

ನಮ್ಮ ಮಗ ಹುಟ್ಟಿದ್ದು ಡಿಸೆಂಬರಿನಲ್ಲಿ, ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿ. ಬಾಣಂತನಕ್ಕೆ ಅಮ್ಮ ಬಂದಿದ್ದರು, ವಿಸಿಟರ್ ವೀಸಾದ ಆರು ತಿಂಗಳ ಲೆಕ್ಕದಲ್ಲಿ. ಬಾತ್‌ರೂಮಿನಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಆರನೇ ವಾರ ಇರಬೇಕು, ಎಣ್ಣೆ ಸವರುತ್ತಾ "ಇವನು ಬಲಗಡೆನೇ ನೋಡ್ತಾನಲ್ಲೇ, ಎಡಕ್ಕೆ ಕತ್ತೇ ಹೊರಳಿಸಲ್ಲ" ಅಂದರು. ಆ ಕಡೆ ಕಿಟಕಿ ಇದೆ, ಬೆಳಕು ನೋಡ್ತಾನೆ ಅಂತ ನಾನು ಮಾತು ಹಾರಿಸಿದೆ. ಎರಡು ತಿಂಗಳ ಚೆಕಪ್‌ನಲ್ಲಿ ಡಾಕ್ಟರೂ "ಕೂರೋದು ಕಲಿತರೆ ತಾನಾಗೇ ದುಂಡಾಗುತ್ತೆ" ಅಂದರು. ನನಗೆ ಅಷ್ಟೇ ಬೇಕಿತ್ತು.

ನಾಲ್ಕನೇ ತಿಂಗಳಿಗೆ ಬಲಗಡೆ ಹಿಂದಲೆ ಯಾರೋ ಅಂಗೈಯಲ್ಲಿ ಒತ್ತಿದ ಹಾಗೆ ಆಗಿತ್ತು. ಬಲಗಿವಿ ಎಡಗಿವಿಗಿಂತ ಮುಂದೆ ಬಂದಿತ್ತು. ಎದುರಿಂದ ನೋಡಿದರೆ ಏನೂ ಗೊತ್ತಾಗದು. ಮೇಲಿಂದ ನೋಡಿದರೆ ಎದೆ ಧಸಕ್ ಅನ್ನುತ್ತಿತ್ತು. ಫಿಸಿಕಲ್ ಥೆರಪಿಸ್ಟ್ ಹತ್ತು ನಿಮಿಷ ಕತ್ತು ಹಿಡಿದು ನೋಡಿ, ಟಾರ್ಟಿಕೋಲಿಸ್ ಅಂದರು. ಕತ್ತಿನ ಎಡಗಡೆ ಸ್ನಾಯು ಬಿಗಿ. ಅದು ಬಿಗಿಯಾದರೆ ತಲೆ ಎಡಕ್ಕೆ ವಾಲಿ ಮುಖ ಬಲಕ್ಕೆ ತಿರುಗುತ್ತದೆ. ಮಗು ಎಷ್ಟು ಹೊತ್ತು ಮಲಗಿದರೂ ಭಾರ ಬೀಳುವುದು ತಲೆಯ ಅದೇ ಜಾಗಕ್ಕೆ. ಕಿಟಕಿಯ ತಪ್ಪು ಏನೂ ಇರಲಿಲ್ಲ, ಪಾಪ.

ಕತೆ ಕೇಳಿದವರಲ್ಲಿ ಕೆಲವರು "ಅಂಗಾತ ಮಲಗಿಸಿದ್ದಕ್ಕೇ ಹೀಗಾಗಿದ್ದು, ಬೋರಲು ಮಲಗಿಸಬೇಕಿತ್ತು" ಅಂದರು. ದಯವಿಟ್ಟು ಬೇಡ. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಸುಗಳನ್ನು ಬೋರಲು ಮಲಗಿಸಬೇಡಿ ಅಂತ ಹೇಳಿತು. 1994ರಲ್ಲಿ ಅದೇ ದೊಡ್ಡ ಪ್ರಚಾರವಾಯಿತು. ಆಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಅರ್ಧಕ್ಕೂ ಕೆಳಗೆ ಇಳಿಯಿತು. ಚಪ್ಪಟೆ ತಲೆ ಜಾಸ್ತಿ ಆಗಿದ್ದೂ ಅದರ ಜೊತೆಗೇ, ನಿಜ. ಆದರೆ ಜೀವ ಮತ್ತು ಬುರುಡೆಯ ಆಕಾರ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಕಾಗುತ್ತಾ? ನಿದ್ದೆಗೆ ಅಂಗಾತ, ಎಚ್ಚರ ಇದ್ದಾಗ ನಮ್ಮ ಕಣ್ಣೆದುರಿಗೆ ಬೋರಲು. ಅಷ್ಟೇ ಲೆಕ್ಕ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ತಡವಾಗಿ. ಅಮ್ಮನ ಕೈಯಲ್ಲಿದ್ದಾಗ ಮಗು ಹೆಗಲ ಮೇಲೆ, ತೊಡೆ ಮೇಲೆ, ಕಂಕುಳಲ್ಲಿ. ನನ್ನ ಕೈಗೆ ಬಂದರೆ ಕಾರ್ ಸೀಟ್, ಅಲ್ಲಿಂದ ಬೌನ್ಸರ್, ಅಲ್ಲಿಂದ ಸ್ವಿಂಗ್. ಎಲ್ಲದರಲ್ಲೂ ಹಿಂದಲೆ ಏನಕ್ಕಾದರೂ ಒತ್ತಿಕೊಂಡೇ ಇರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಸಾಮಾನೆಲ್ಲ ಸೇರಿ ಮಾಡಿದ್ದು ಇದನ್ನೇ!

ಹಾಗಂತ ಅಜ್ಜಿ ಕಾಲದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಅಮ್ಮ ಸೂಟ್‌ಕೇಸಿನಲ್ಲಿ ಹಳೇ ಸೀರೆಯ ಬಟ್ಟೆ ಹೊಲಿದು ತಂದಿದ್ದರು, ಇಲ್ಲಿಗೆ ಬಂದು ಅದಕ್ಕೆ ರಾಗಿ ತುಂಬಿ ದಿಂಬು ಮಾಡಿದರು. ನಾನು ಅದನ್ನು ತೊಟ್ಟಿಲಿಂದ ತೆಗೆದಿಟ್ಟಾಗ ಎರಡು ದಿನ ಮಾತು ಬಿಟ್ಟರು. ಈಗಲೂ ನನ್ನ ನಿಲುವು ಅದೇ. ಮಲಗಿದ ಕೂಸಿನ ಮುಖದ ಹತ್ತಿರ ದಿಂಬು ಇರಬಾರದು, ರಾಗಿಯದಾಗಲಿ ಸಾಸಿವೆಯದಾಗಲಿ. ಆನ್‌ಲೈನಿನಲ್ಲಿ ಮಾರುವ, ನಡುವೆ ಗುಂಡಿ ಇರುವ "ತಲೆ ದುಂಡಾಗಿಸುವ" ದಿಂಬಿಗೂ ಇದೇ ಮಾತು. 2022ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವನ್ನು ಬಳಸಬೇಡಿ ಅಂತ ಎಚ್ಚರಿಸಿತು. ಅಮ್ಮನ ದಿಂಬು ತಪ್ಪು, ಅಮ್ಮನ ಕಣ್ಣು ಸರಿ. ನಾನು ಎರಡನ್ನೂ ಒಟ್ಟಿಗೇ ತೆಗೆದಿಟ್ಟುಬಿಟ್ಟೆ.

ಕತ್ತಿನ ವ್ಯಾಯಾಮ ಶುರುವಾಯಿತು. ಕತ್ತು ಸಡಿಲಾಯಿತು, ತಲೆ ಅಷ್ಟಾಗಿ ತುಂಬಿಕೊಳ್ಳಲಿಲ್ಲ. ಐದೂವರೆ ತಿಂಗಳಿಗೆ ಹೆಲ್ಮೆಟ್ ಬಂತು. ಅದು ತಲೆಯನ್ನು ಅದುಮಿ ದುಂಡು ಮಾಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಅದುಮಲ್ಲ. ಉಬ್ಬಿದ ಕಡೆ ತಾಗಿಕೊಂಡು ಇರುತ್ತದೆ, ಚಪ್ಪಟೆ ಇರುವ ಕಡೆ ಜಾಗ ಬಿಟ್ಟಿರುತ್ತದೆ. ಬೆಳೆಯುವ ತಲೆ ಆ ಖಾಲಿ ಜಾಗಕ್ಕೆ ತಾನೇ ಬೆಳೆಯುತ್ತದೆ. ಬೆಳೆಯುವ ತಲೆ ಇದ್ದರೆ ಮಾತ್ರ ಕೆಲಸ, ಅದಕ್ಕೇ ವರ್ಷ ದಾಟಿದ ಮೇಲೆ ಹಾಕಿ ಹೆಚ್ಚು ಪ್ರಯೋಜನ ಇಲ್ಲ.

ದಿನಕ್ಕೆ 23 ಗಂಟೆ. ಉಳಿದ ಒಂದು ಗಂಟೆ ಸ್ನಾನಕ್ಕೆ, ಹೆಲ್ಮೆಟ್ ಒರೆಸಿ ಒಣಗಿಸೋಕೆ. ಟೆಕ್ಸಸ್ಸಿನ ಜುಲೈ ಬಿಸಿಲು ಗೊತ್ತಲ್ಲ. ತೆಗೆದ ಕೂಡಲೇ ಬರುವ ವಾಸನೆ ಹೇಗಂದರೆ, ಮಳೆಗಾಲದಲ್ಲಿ ಒದ್ದೆ ಸಾಕ್ಸ್ ಮೂರು ದಿನ ಬ್ಯಾಗಿನಲ್ಲೇ ಮರೆತ ಹಾಗೆ. ಕೂದಲು ಅಂಟಂಟು, ಅಲ್ಲಲ್ಲಿ ಕೆಂಪು ಗುರುತು. ಆ ಕೆಂಪು ಒಂದು ಗಂಟೆಯಲ್ಲಿ ಮಾಯವಾಗಬೇಕು, ಆಗದಿದ್ದರೆ ಫೋನ್ ಮಾಡಿ ಅಂದಿದ್ದರು. ನಾನು ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಮಗನಿಗೆ ಮಾತ್ರ ಯಾವ ಚಿಂತೆಯೂ ಇಲ್ಲ, ನಾಲ್ಕನೇ ದಿನಕ್ಕೆ ಅದರ ಸಮೇತ ಗೋಡೆಗೆ ಡಿಕ್ಕಿ ಹೊಡೆದು ನಗುತ್ತಿದ್ದ. ಖರ್ಚು 3,200 ಡಾಲರ್. ಇನ್ಶೂರೆನ್ಸ್ ಕಂಪನಿ ಮೊದಲು "ಅಂದಕ್ಕಾಗಿ ಮಾಡಿಸೋದು" ಅಂತ ತಿರಸ್ಕರಿಸಿತು. ಎರಡು ಪತ್ರ ಬರೆದ ಮೇಲೆ ಅರ್ಧ ಕೊಟ್ಟಿತು. ಸ್ನೇಹಿತರ ಮನೆ ಸತ್ಯನಾರಾಯಣ ಪೂಜೆಯಲ್ಲಿ "ಅಯ್ಯೋ, ತಲೆಗೆ ಆಪರೇಷನ್ ಆಗಿದ್ಯಾ?" ಅಂತ ಕೇಳಿದವರು ಎಷ್ಟು ಜನ ಅಂತ ಲೆಕ್ಕ ಇಡಲಿಲ್ಲ. ಪ್ರಸಾದ ತಿಂದು ಬಂದೆವು.

ನಾಲ್ಕು ತಿಂಗಳಲ್ಲಿ, ತಲೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ ಎರಡು ಅಳತೆಗಳ ವ್ಯತ್ಯಾಸ 14 ಮಿಲಿಮೀಟರಿನಿಂದ 5ಕ್ಕೆ ಇಳಿಯಿತು. ಹೆಲ್ಮೆಟ್ ಇಲ್ಲದೆ ಎಷ್ಟಾಗುತ್ತಿತ್ತು? ಅದನ್ನು ಹೇಳೋಕೆ ನನಗೆ ಇನ್ನೊಬ್ಬ ಇಂಥದೇ ಮಗ ಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಹಾಗೆ ಹೋಲಿಸಿ ನೋಡಿದ್ದಾರೆ. 84 ಕೂಸುಗಳು, ಅರ್ಧದಷ್ಟಕ್ಕೆ ಹೆಲ್ಮೆಟ್, ಉಳಿದದ್ದಕ್ಕೆ ಇಲ್ಲ. ಎರಡು ವರ್ಷ ತುಂಬಿದಾಗ ಪೂರ್ತಿ ಸರಿಯಾದವು ಹೆಲ್ಮೆಟ್ ಹಾಕಿದವರಲ್ಲಿ 26%, ಹಾಕದವರಲ್ಲಿ 23%. ಅಂದರೆ ಹೆಚ್ಚುಕಮ್ಮಿ ಒಂದೇ. 2014ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಈ ಅಧ್ಯಯನ ಓದಿ ನಾನು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ನನ್ನ ಮಗನಂತೆ ಕತ್ತು ಬಿಗಿ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ ಅನ್ನುವುದು ಆಮೇಲೆ ಗಮನಕ್ಕೆ ಬಂತು. ಅಮೆರಿಕದ ನರಶಸ್ತ್ರವೈದ್ಯರ 2016ರ ಮಾರ್ಗಸೂಚಿ, ಚಪ್ಪಟೆ ಮಧ್ಯಮ ಅಥವಾ ತೀವ್ರವಾಗಿದ್ದರೆ ಹೆಲ್ಮೆಟ್ ಹಾಕಬಹುದು ಅನ್ನುತ್ತದೆ. ನಾವು ಅದನ್ನು ನಂಬಿ ಹಾಕಿಸಿದೆವು. ಪಶ್ಚಾತ್ತಾಪ ಇಲ್ಲ, ಪ್ರಚಾರವೂ ಮಾಡಲ್ಲ.

ಹೆಲ್ಮೆಟ್ ಹಾಕಿಸಿದ ಪೋಷಕರ ಆನ್‌ಲೈನ್ ಗುಂಪುಗಳ ಮೇಲೆ ನನಗಿರುವ ಸಿಟ್ಟೂ ಇದೇ. ಮೊದಲು-ಆಮೇಲೆ ಫೋಟೋ, ಬಣ್ಣದ ಸ್ಟಿಕರ್, ಹೆಲ್ಮೆಟ್ ಮುಗಿದ ದಿನ ಪದವಿ ಪ್ರದಾನದ ಟೋಪಿ. ಒಂಟಿಯಾಗಿ ಹೆದರಿ ಕೂತಿದ್ದ ನನಗೆ ಅವರು ಆಸರೆಯಾದರು, ಸುಳ್ಳು ಹೇಳಬಾರದು. ಆದರೆ ಹೊಸ ತಾಯಿ ಎಂಟು ವಾರದ ಕೂಸಿನ ಫೋಟೋ ಹಾಕಿದರೆ ಮೊದಲ ಕಾಮೆಂಟೇ "ತಡ ಮಾಡಬೇಡಿ, ಹೆಲ್ಮೆಟ್ ಅಳತೆಗೆ ಸ್ಕ್ಯಾನ್ ಮಾಡಿಸಿ". ಕೆನಡಾದ ಕ್ಯಾಲ್ಗರಿಯಲ್ಲಿ 7ರಿಂದ 12 ವಾರದ 440 ಕೂಸುಗಳನ್ನು ನೋಡಿದಾಗ 205ಕ್ಕೆ ಸ್ವಲ್ಪವಾದರೂ ಚಪ್ಪಟೆ ಇತ್ತು, ಹೆಚ್ಚಿನವು ತೀರಾ ಸಣ್ಣದು. ಇಷ್ಟು ಮಕ್ಕಳಿಗೂ ಹೆಲ್ಮೆಟ್ಟಾ? ಆ ವಯಸ್ಸಿಗೆ ಬೇಕಾದ್ದು ಕತ್ತು ನೋಡುವ ಒಬ್ಬರು, ಮಗು ನೋಡದ ಕಡೆಯಿಂದ ಮಾತಾಡಿಸುವ ಅಪ್ಪ, ದಿನಕ್ಕೆ ನಾಲ್ಕಾರು ಸಲ ಬೋರಲು. ಹುಟ್ಟಿನಿಂದಲೇ ಆಕಾರ ಬೇರೆ ಇದ್ದು, ಬುರುಡೆಯ ಮೂಳೆಗಳು ಒಂದಕ್ಕೊಂದು ಸೇರುವ ಜಾಗದಲ್ಲಿ ಗಟ್ಟಿ ಏಣು ಸಿಕ್ಕರೆ ಮಾತ್ರ ಕಾಯಬೇಡಿ. ಮೂಳೆ ಬೇಗ ಕೂಡಿಕೊಂಡಿರಬಹುದು, ಅದಕ್ಕೆ ಹೆಚ್ಚಾಗಿ ಆಪರೇಷನ್ ಬೇಕಾಗುತ್ತದೆ.

ತಿಪಟೂರಿನ ಕೂಸಿಗೆ ಈಗ ಕತ್ತಿನ ವ್ಯಾಯಾಮ ನಡೆಯುತ್ತಿದೆ. ಹೆಲ್ಮೆಟ್ ಮಾತು ಎತ್ತಿಲ್ಲ.

ನಮ್ಮ ಮಗನ ಹೆಲ್ಮೆಟ್ ಬರುವ ಹೊತ್ತಿಗೆ ಅಮ್ಮ ಊರಿಗೆ ಹೋಗಿ ವಾರವಾಗಿತ್ತು. ವಿಡಿಯೋ ಕಾಲಿನಲ್ಲಿ ಮೊಮ್ಮಗನನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇಷ್ಟು ಬೆಳ್ಳಗಿದೆಯಲ್ಲೇ, ದೃಷ್ಟಿ ಆಗುತ್ತೆ, ಒಂದು ಬೊಟ್ಟು ಇಡು" ಅಂದರು. ಪ್ಲಾಸ್ಟಿಕ್ಕಿನ ಮೇಲೆ ಕಾಡಿಗೆ ನಿಲ್ಲಲಿಲ್ಲ. ಮಾರ್ಕರ್ ಪೆನ್ನಿನಲ್ಲಿ ಎಡಗಡೆ, ಕಿವಿಯ ಮೇಲೆ ಬರೆದೆ. ಕ್ಲಿನಿಕ್ಕಿನವರು ಪ್ರತಿ ಸಲವೂ ಅದೇನು ಕಲೆ ಅಂತ ಒರೆಸಿ ನೋಡುತ್ತಿದ್ದರು.